ವಯ್ಯಾರ್ತದಲ್ಲಿ ಮೀನೂಟ

ಈ ವಯಸ್ಸಿನಲ್ಲಿ ಮೆಕ್ಸಿಕೋ ದೇಶಕ್ಕೆ ಹೋಗಿ ಏನು ನೋಡಿ ಬಂದಿರಿ ಎಂದು ಕುಂದಾಪುರದಲ್ಲಿ ಹತ್ತಾರು ಜನ ಕೇಳಿದರು. ಪಿರಮಿಡ್ಡು ನೋಡಲಿಲ್ಲ, ಮ್ಯೂಸಿಯಮ್ಮಿಗೆ ಹೋಗಲಿಲ್ಲ, ಮೀನು ತಿಂದು ಬಂದೆ ಎಂದೆ. ಕೆಲವರು ನಕ್ಕು ಸುಮ್ಮನಾದರು. ಗಂಗೊಳ್ಳಿ ಕಡೆಯವರು ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು "ಯಾವ್ ಮೀನ್?" ಎಂದು ಕೇಳಿದರು. ಈ ಬರಹ ಅಂಥವರಿಗಾಗಿ. ಮೀನಿನ ಮುಳ್ಳಿಗೆ ಹೆದರುವ ಮಕ್ಕಳಿಗೂ ಆದೀತು.

ನನ್ನ ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಫೆಬ್ರವರಿಯಲ್ಲಿ ಮೊಮ್ಮಗಳಿಗೆ ಶಾಲೆಗೆ ಒಂದು ವಾರ ರಜೆ. "ಅಪ್ಪಯ್ಯ, ಮನೆಯೊಳಗೆ ಕೂತು ಕೂತು ನಿಮಗೂ ಬೇಜಾರು" ಎಂದು ಮಗಳು ಟಿಕೆಟ್ ತೆಗೆದೇಬಿಟ್ಟಳು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಪ್ರವಾಸ ಹೋಗಲು ಭಾರತೀಯರಿಗೆ ಬೇರೆ ವೀಸಾ ಬೇಡ. ಲಾಸ್ ಏಂಜಲಿಸ್‌ನಿಂದ ವಿಮಾನದಲ್ಲಿ ಸುಮಾರು 3 ಗಂಟೆ. ಇಳಿದ ಊರಿನ ಹೆಸರು ಪುಯೆರ್ತೊ ವಯ್ಯಾರ್ತ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ವಲ್ಲಾರ್ಟಾ ಎಂದು ಕಾಣುತ್ತದೆ. ಆದರೆ ಅಲ್ಲಿಯ ಸ್ಪ್ಯಾನಿಷ್‌ನಲ್ಲಿ ಎರಡು 'ಎಲ್' ಜೊತೆಗೆ ಬಂದರೆ 'ಯ' ಎಂದು ಓದಬೇಕು. ನನಗೆ ಅದು ವಯ್ಯಾರ ಎಂದೇ ಕೇಳಿಸಿತು. ಊರೂ ಹಾಗೆಯೇ ಇದೆ.

ಕರಾವಳಿಯವರಿಗೆ ಆ ಜಾಗ ಅಪರಿಚಿತವಲ್ಲ. ನಮ್ಮ ಹಾಗೆ ಅವರಿಗೂ ಸೂರ್ಯ ಸಮುದ್ರದಲ್ಲೇ ಮುಳುಗುತ್ತಾನೆ. ನಮ್ಮ ಹಾಗೆ ಅವರ ಬೆನ್ನಿಗೂ ಹಸಿರು ಘಟ್ಟ ನಿಂತಿದೆ, ಅದಕ್ಕೆ ಸಿಯೆರಾ ಮಾದ್ರೆ ಎಂದು ಹೆಸರು. ಘಟ್ಟದಿಂದ ಇಳಿದು ಬರುವ ಕ್ವಾಲೆ ಎಂಬ ಹೊಳೆ ಊರ ನಡುವೆ ಹರಿದು ಕಡಲು ಸೇರುತ್ತದೆ. ಎದುರಿಗೆ ಬಂದೇರಸ್ ಎಂಬ ದೊಡ್ಡ ಕೊಲ್ಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿಗೆ ಗೂನುಬೆನ್ನಿನ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ತಟದಲ್ಲಿ ಕುಳಿತೇ ಅವು ನೀರು ಚಿಮ್ಮಿಸುವುದನ್ನು ಎರಡು ಸಲ ನೋಡಿದೆ. 1963ರಲ್ಲಿ ಪಕ್ಕದ ಮಿಸ್ಮಲೋಯ ಎಂಬಲ್ಲಿ ಹಾಲಿವುಡ್ಡಿನವರು ಒಂದು ಸಿನಿಮಾ ತೆಗೆದರು, ನಟಿ ಎಲಿಜಬೆತ್ ಟೇಲರ್ ಕೂಡ ಬಂದು ಉಳಿದಳು, ಪತ್ರಿಕೆಯವರು ಹಿಂದೆಯೇ ಓಡಿ ಬಂದರು. ಸಣ್ಣ ಊರಿನ ಹೆಸರು ಲೋಕಕ್ಕೆಲ್ಲ ತಿಳಿಯಿತು. ಈಗ ಸಾಲು ಸಾಲು ಹೋಟೆಲು.

ಮೊದಲ ಎರಡು ದಿನ ನಾವೂ ಅಂಥದೊಂದು ದೊಡ್ಡ ಹೋಟೆಲಿನಲ್ಲಿದ್ದೆವು. ಹೆಸರು ಬೇಡ. ಒಮ್ಮೆ ದುಡ್ಡು ಕಟ್ಟಿದರೆ ಮೂರು ಹೊತ್ತೂ ಎಷ್ಟು ಬೇಕಾದರೂ ತಿನ್ನಬಹುದು ಎಂಬ ವ್ಯವಸ್ಥೆ. ಕಿಟಕಿಯಿಂದ ನೋಡಿದರೆ ಕಡಲು, ತಟ್ಟೆಯಲ್ಲಿ ನೋಡಿದರೆ ರಬ್ಬರಿನಂಥ ಸಿಗಡಿ. ಬೆಳಿಗ್ಗೆಯಿಂದ ಬಿಸಿ ಪಾತ್ರೆಯಲ್ಲಿ ಕುಳಿತ ಮೀನು ಯಾವ ದೇಶದ್ದಾದರೂ ಅಷ್ಟೆ. ಮೂರನೆಯ ದಿನ ಮಗಳು ಬುಸೆರಿಯಾಸ್ ಎಂಬ ಪಕ್ಕದ ಊರಿನಲ್ಲಿ ಅಡುಗೆಮನೆ ಇರುವ ಪುಟ್ಟ ಮನೆಯೊಂದನ್ನು ಬಾಡಿಗೆಗೆ ಹಿಡಿದಳು. ಹಿಂದೆ ಮುಳುಗುಗಾರರು ಅಲ್ಲಿ ಸಿಂಪಿ ಹೆಕ್ಕುತ್ತಿದ್ದರಂತೆ, ಊರಿನ ಹೆಸರೂ ಅದರಿಂದಲೇ ಬಂದದ್ದಂತೆ. ನಮ್ಮ ನಿಜವಾದ ಪ್ರವಾಸ ಶುರುವಾದದ್ದು ಅಲ್ಲಿಂದ.

ಅಲ್ಲಿ ಒಳ್ಳೆಯ ಮೀನು ತಿನ್ನಬೇಕಾದರೆ ಮೊದಲು ಗಡಿಯಾರ ನೋಡಬೇಕು. ಮೀನು, ಸಿಗಡಿ, ಚಿಪ್ಪಿನ ಜೀವಿಗಳು ಎಲ್ಲಕ್ಕೂ ಸೇರಿ ಅವರು ಹೇಳುವ ಮಾತು 'ಮಾರಿಸ್ಕೋಸ್'. ಹಾಗೆ ಬೋರ್ಡು ಹಾಕಿದ ಸ್ಥಳೀಯರ ಅಂಗಡಿಗಳು ಹೆಚ್ಚಾಗಿ ಹೊತ್ತೇರಿದ ಮೇಲೆ ತೆರೆದು ಸಂಜೆ ಐದರ ಹೊತ್ತಿಗೆ ಬಾಗಿಲು ಹಾಕುತ್ತವೆ. ಬೆಳಿಗ್ಗೆ ಬಂದ ಮೀನು ಮಧ್ಯಾಹ್ನಕ್ಕೆ ಖಾಲಿ. ರಾತ್ರಿ ಮೀನು ಕೊಡುವುದು ಪ್ರವಾಸಿಗರ ಹೋಟೆಲುಗಳು, ಅಲ್ಲಿ ಮೇಣದಬತ್ತಿಗೂ ಸಂಗೀತಕ್ಕೂ ಸೇರಿಸಿ ಬಿಲ್ಲು ಬರುತ್ತದೆ. ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ಕತ್ತರಿಸಿದ ನಿಂಬೆಹಣ್ಣಿನ ತಟ್ಟೆ, ಅಕ್ಕಪಕ್ಕದಲ್ಲಿ ಮಕ್ಕಳು ಮುದುಕರು ಸಮೇತ ಸ್ಥಳೀಯ ಸಂಸಾರಗಳು. ಇಷ್ಟು ಕಂಡರೆ ಧೈರ್ಯವಾಗಿ ಒಳಗೆ ಹೋಗಬಹುದು. ಮೇಜಿನ ಮೇಲೆ ಒಂದು ಸಣ್ಣ ಬಾಟಲಿ ಖಾರದ ರಸವೂ ಇರುತ್ತದೆ. ಉಯಿಚೋಲ್ ಎಂದು ಹೆಸರು, ಪಕ್ಕದ ನಯಾರಿತ್ ರಾಜ್ಯದ್ದೇ ತಯಾರಿಕೆ. ಅದರ ಪಕ್ಕದಲ್ಲಿ ಮ್ಯಾಗಿ! ಮಕ್ಕಳೇ, ನೂಡಲ್ಸ್ ಅಲ್ಲ. ಅದೇ ಹೆಸರಿನ ಕಪ್ಪು ಸಾಸು. ಅದನ್ನು ಸಿಗಡಿಗೆ ಹನಿಸಿಕೊಳ್ಳುತ್ತಾರೆ.

ಎರಡನೆಯದು ದುಡ್ಡಿನ ವಿಷಯ. ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಜೀವನ ಕಳೆದವನು ಇದನ್ನು ಹೇಳದೆ ಮುಂದೆ ಹೋಗಲಾರ. ತಿಂಡಿ ಪಟ್ಟಿಯಲ್ಲಿ 180 ಎಂಬ ಅಂಕಿಯ ಮುಂದೆ ಡಾಲರಿನ ಚಿಹ್ನೆ ನೋಡಿ ನನ್ನ ಅಳಿಯ "ಮಾವ, ಎದ್ದುಬಿಡೋಣ" ಎಂದ. ಅದು ಡಾಲರ್ ಅಲ್ಲ, ಪೆಸೊ. ಮೆಕ್ಸಿಕೋದವರು ತಮ್ಮ ಪೆಸೊಗೆ ಬಳಸುವುದೂ ಅದೇ ಚಿಹ್ನೆ. ನಿಜ ಹೇಳಬೇಕೆಂದರೆ ಅದು ಮೊದಲು ಪೆಸೊದ್ದೇ, ಅಮೆರಿಕದವರು ಆಮೇಲೆ ತೆಗೆದುಕೊಂಡದ್ದು. ಮೆಕ್ಸಿಕೋದ ಬೆಳ್ಳಿ ನಾಣ್ಯ 1857ರವರೆಗೆ ಅಮೆರಿಕದಲ್ಲೂ ಕಾನೂನುಬದ್ಧವಾಗಿ ಚಲಾವಣೆಯಲ್ಲಿತ್ತು. ನಾವು ಹೋದಾಗ ಒಂದು ಪೆಸೊ ನಮ್ಮ ಐದು ರೂಪಾಯಿಯ ಆಸುಪಾಸು. ಇನ್ನೊಂದು ಮಾತು, ನೀವಾಗಿ ಕೇಳುವವರೆಗೆ ಅಲ್ಲಿ ಬಿಲ್ಲು ತರುವುದಿಲ್ಲ. ತಂದರೆ 'ಎದ್ದು ಹೋಗಿ' ಎಂದ ಹಾಗಾಗುತ್ತದೆಂದು ಅವರ ಭಾವನೆ. "ಲಾ ಕ್ವೆಂತಾ, ಪೊರ್ ಫವೊರ್" ಎನ್ನಬೇಕು. ನನಗೆ ಈ ಪದ್ಧತಿ ಬಹಳ ಹಿಡಿಸಿತು. ನಮ್ಮಲ್ಲಿ ಕೊನೆಯ ತುತ್ತು ಬಾಯಿಗೆ ಹೋಗುವ ಮೊದಲೇ ಮೇಜು ಒರೆಸಲು ಬರುತ್ತಾರೆ.

ಈಗ ಪುಟ್ಟಿಯ ವಿಷಯಕ್ಕೆ ಬರುತ್ತೇನೆ. ಮೊಮ್ಮಗಳಿಗೆ ಒಂಬತ್ತು ವರ್ಷ. ಐದು ವರ್ಷದವಳಿದ್ದಾಗ ಊರಿಗೆ ಬಂದವಳಿಗೆ ಬೈಗೆ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿತ್ತು. ಅನ್ನದ ಉಂಡೆ ನುಂಗಿಸಿದರೂ ಇಳಿಯಲಿಲ್ಲ. ಡಾಕ್ಟರು ಇಕ್ಕಳದಲ್ಲಿ ತೆಗೆದರು. ಅಂದಿನಿಂದ ಅವಳಿಗೆ ಮೀನೆಂದರೆ ಪೆಟ್ಟಿಗೆಯಿಂದ ಬರುವ, ತಲೆ ಬಾಲ ಮುಳ್ಳು ಯಾವುದೂ ಇಲ್ಲದ ಚೌಕಾಕಾರದ ತುಂಡು ಮಾತ್ರ. ಆ ದಿನ ನಮ್ಮ ಮನೆಯವಳು ಅವಳ ಬೆನ್ನು ಸವರುತ್ತಾ, "ಮುಂದಿನ ಸಲ ಬಾ ಮಗಾ, ಮುಳ್ಳು ತೆಗೆಯುವುದನ್ನು ನಾನೇ ಕಲಿಸುತ್ತೇನೆ" ಎಂದಿದ್ದಳು. ಮುಂದಿನ ಸಲ ಅವರೆಲ್ಲ ಬಂದದ್ದು ಅವಳ ಉತ್ತರಕ್ರಿಯೆಗೆ. ಅದಾಗಿ ಈಗ ಮೂರು ವರ್ಷ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ತೀರದ ಬಾಕಿ. ಅವಳ ಹೆಸರಿನಲ್ಲಿತ್ತು, ನನ್ನ ಹೆಸರಿಗೆ ಬಂತು. ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಮೀನು ಬೇಯಿಸಿದ್ದೂ ಇಲ್ಲ. ಮೀನಿನ ಹೆಂಗಸು ಗೇಟಿನ ಹತ್ತಿರ ಬುಟ್ಟಿ ಇಳಿಸಿ "ಮೀನ್ ಬೇಡ್ದಾ?" ಎಂದು ಕೇಳುತ್ತಿದ್ದಳು, ನಾನು ಕೈಯಾಡಿಸುತ್ತಿದ್ದೆ.

ವಯ್ಯಾರ್ತದಲ್ಲಿ ಲೋಸ್ ಮುಯೆರ್ತೋಸ್ ಎಂಬ ಕಡಲತೀರವಿದೆ. ಹೆಸರಿನ ಅರ್ಥ ಸತ್ತವರ ತೀರ. ಹೆದರಬೇಡಿ, ಊರಿನ ಅತ್ಯಂತ ಜೀವಂತ ಜಾಗ ಅದೇ. ಅಲ್ಲಿ ಮರಳಿನ ಮೇಲೆ ಓಡಾಡಿಕೊಂಡು ಕಡ್ಡಿಗೆ ಚುಚ್ಚಿ ಸುಟ್ಟ ಮೀನನ್ನು ಮಾರುತ್ತಾರೆ. ಅದಕ್ಕೆ 'ಪೆಸ್ಕಾದೊ ಎಂಬರಸಾದೊ' ಎಂದು ಹೆಸರು. ಹಾಗೆಂದರೆ ಬಸುರಿ ಮೀನು! ಪುಟ್ಟಿ ಹೌಹಾರಿದಳು. ಅದು ಮಾತಿನ ಆಟ ಅಷ್ಟೆ. 'ಎನ್ ವಾರ ಅಸಾದೊ' ಎಂದರೆ ಕಡ್ಡಿಯಲ್ಲಿ ಸುಟ್ಟದ್ದು. ಬೇಗ ಬೇಗ ಹೇಳಿ ನೋಡಿ, ಬಸುರಿಯಾಗಿಬಿಡುತ್ತದೆ. ಸ್ಪ್ಯಾನಿಷ್‌ನಲ್ಲಿ ಮೀನಿಗೆ ಎರಡು ಮಾತು ಎಂಬುದನ್ನೂ ಅಂದೇ ಕಲಿತೆವು. ನೀರಿನಲ್ಲಿ ಈಜುತ್ತಿದ್ದರೆ 'ಪೆಸ್', ಬಲೆಗೆ ಬಿದ್ದು ಅಡುಗೆಗೆ ಬಂದರೆ 'ಪೆಸ್ಕಾದೊ'. ಪುಟ್ಟಿ ಕಡ್ಡಿ ಹಿಡಿದು ನೋಡಿದಳು. ಮೂಸಿದಳು. "ಅಜ್ಜ, ಇದಕ್ಕೆ ಕಣ್ಣಿದೆ" ಎಂದು ನನಗೇ ವಾಪಸು ಕೊಟ್ಟಳು. ನಾನು ಒತ್ತಾಯ ಮಾಡಲಿಲ್ಲ, ಇಬ್ಬರ ಪಾಲನ್ನೂ ತಿಂದೆ.

ಮರುದಿನ ಬೋಕ ದೆ ತೊಮತ್ಲಾನ್ ಎಂಬ ಹಳ್ಳಿಗೆ ಹೋದೆವು. ವಯ್ಯಾರ್ತದಿಂದ ದಕ್ಷಿಣಕ್ಕೆ, ಬಸ್ಸಿದೆ. ಗುಡ್ಡದ ಅಂಚಿನ ರಸ್ತೆ, ಕೆಳಗೆ ಕಡಲು. ಊರೊಳಗಿನ ಬೀದಿಗಳಿಗೆ ಉರುಟು ಕಲ್ಲು ಹಾಸಿರುವುದರಿಂದ ನನ್ನ ವಯಸ್ಸಿನವರು ಜಾರದ ಚಪ್ಪಲಿ ಹಾಕಿಕೊಳ್ಳುವುದು ಒಳ್ಳೆಯದು. ಬೋಕದಲ್ಲಿ ಹೊಳೆ ಕಡಲು ಸೇರುವ ಮೂಲೆಯಲ್ಲಿ, ತಾಳೆಗರಿ ಹೊದಿಸಿದ ಚಪ್ಪರದ ಕೆಳಗೆ ಊಟದ ಮನೆಗಳು. ಮೀನುಗಾರರ ದೋಣಿಗಳು ಎದುರಿಗೇ ನಿಂತಿರುತ್ತವೆ. ಆ ದೋಣಿಗಳಲ್ಲೇ ಜನರನ್ನು ಯೆಲಾಪ ಎಂಬ ಇನ್ನೊಂದು ಹಳ್ಳಿಗೂ ಕರೆದೊಯ್ಯುತ್ತಾರೆ. ಯೆಲಾಪದ ತೀರದಲ್ಲಿ ಹೆಂಗಸರು ತೆಂಗಿನಕಾಯಿ, ನಿಂಬೆಯ ಸಿಹಿ ಪೈಗಳನ್ನು ತಲೆಯ ಮೇಲಿಟ್ಟುಕೊಂಡು ಮಾರುತ್ತಾರೆ. ಅದೊಂದನ್ನು ತಿನ್ನಲು ಪುಟ್ಟಿಗೆ ಯಾರೂ ಹೇಳಬೇಕಾಗಲಿಲ್ಲ.

ಬೋಕದಲ್ಲಿ ನಾವು ತಿಂದದ್ದು 'ಸರಂದೇಯಾದೊ'. ಇಡೀ ಪ್ರವಾಸದಲ್ಲಿ ಒಂದೇ ಒಂದು ತಿನಿಸು ತಿನ್ನುವ ಅವಕಾಶವಿದ್ದರೆ ಇದನ್ನೇ ತಿನ್ನಿ. ನಯಾರಿತ್ ರಾಜ್ಯದ ಮೆಸ್ಕಾಲ್ತಿತಾನ್ ಎಂಬ ನಡುಗಡ್ಡೆಯಲ್ಲಿ ಹುಟ್ಟಿದ ಅಡುಗೆ ಎನ್ನುತ್ತಾರೆ. ಕೆಂಪು ಮೀನನ್ನೋ ಅಂಥ ಬೇರೆ ದೊಡ್ಡ ಮೀನನ್ನೋ ತಲೆ ಸಮೇತ ಪುಸ್ತಕದ ಹಾಗೆ ಬಿಡಿಸಿ, ಒಣಮೆಣಸಿನ ಅರಪು, ನಿಂಬೆರಸ, ಉಪ್ಪು ಬಳಿದು, ಎರಡು ಜಾಲರಿಗಳ ನಡುವೆ ಸಿಕ್ಕಿಸಿ, ಸೌದೆಯ ಕೆಂಡದ ಮೇಲೆ ಮಗುಚಿ ಮಗುಚಿ ಸುಡುತ್ತಾರೆ. ಹಳೆಯ ಪದ್ಧತಿಯಲ್ಲಿ ಕಾಂಡ್ಲಾ ಮರದ ಸೌದೆಯೇ ಆಗಬೇಕು. ಮಣ್ಣೆಣ್ಣೆ ವಾಸನೆಯಿಲ್ಲದ, ಹೊಗೆಯ ಪರಿಮಳ ಮಾತ್ರ ಇರುವ ಮೀನು. ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಸುಡುವ ಮೊದಲು ಮೀನನ್ನು ತೋರಿಸಿ ಎಂದು ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ತೋರಿಸುತ್ತಾರೆ. ನಾನು ಕಿವಿರು ಎತ್ತಿ ನೋಡಿದೆ. ಕೆಂಪಗಿತ್ತು. ಅಂಗಡಿಯವ ನನ್ನನ್ನು ನೋಡಿ ನಕ್ಕ. ಅವನಿಗೆ ಕನ್ನಡ ಬಾರದು, ನನಗೆ ಸ್ಪ್ಯಾನಿಷ್ ಬಾರದು. ಆದರೆ ಮೀನು ನೋಡಿ ಕೊಳ್ಳುವವನು ಯಾರು ಎಂದು ಮೀನಿನವನಿಗೆ ತಿಳಿಯುತ್ತದೆ.

ದೊಡ್ಡ ತಟ್ಟೆಯಲ್ಲಿ ಮೀನು ಬಂತು. ಪುಟ್ಟಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ನಾನು, "ತಿನ್ನಬೇಡ, ನನಗೆ ಲೆಕ್ಕ ಮಾಡಲು ಸಹಾಯ ಮಾಡು" ಎಂದೆ. ನೋಡು, ನಡುವೆ ಇರುವುದು ಬೆನ್ನೆಲುಬು. ನನ್ನ ಲೆಜರಿನಲ್ಲೂ ಹೀಗೆಯೇ ನಡುವೆ ಒಂದು ಗೆರೆ ಇರುತ್ತಿತ್ತು, ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಮುಳ್ಳುಗಳೆಲ್ಲ ಆ ಗೆರೆಯಿಂದಲೇ ಹೊರಡುತ್ತವೆ. ಎಲ್ಲೆಂದರಲ್ಲಿ ಇರುವುದಿಲ್ಲ. ಆದ್ದರಿಂದ ಗೆರೆಯಿಂದ ಹೊರಕ್ಕೆ, ಮುಳ್ಳು ಹೋದ ದಿಕ್ಕಿನಲ್ಲೇ ಮಾಂಸ ಎಳೆಯಬೇಕು, ಅಡ್ಡ ಎಳೆಯಬಾರದು. ಹೊಟ್ಟೆಯ ಕಡೆಯ ಮುಳ್ಳು ಉದ್ದ, ಅವನ್ನು ಮೊದಲೇ ತೆಗೆದಿಡು. ಆಮೇಲೆ ಎಳೆದ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಅಜ್ಜಿ ಹಾಗೆಯೇ ಮಾಡುತ್ತಿದ್ದುದು. ಅಜ್ಜಿಯ ಹೆಸರು ಬಂದಾಗ ಅವಳು ಕುರ್ಚಿಯನ್ನು ಮುಂದಕ್ಕೆ ತಂದಳು. ಹದಿನೇಳು ಮುಳ್ಳು ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿದಳು. ಹದಿನೆಂಟನೆಯದು ಸಿಗಲಿಲ್ಲ. ಒತ್ತಿ ನೋಡಿದ ತುಂಡು ಕೈಯಲ್ಲೇ ಇತ್ತು, ಮೇಜಿನ ಮೇಲಿಡಲು ಜಾಗವಿರಲಿಲ್ಲ. ಬಾಯಿಗೆ ಹಾಕಿಕೊಂಡಳು. ಮಗಳು ಏನೋ ಹೇಳಲು ಬಾಯಿ ತೆರೆದಳು, ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ.

ಅಳಿಯ ಮೈಸೂರಿನ ಕಡೆಯವನು, ಶುದ್ಧ ಸಸ್ಯಾಹಾರಿ. ಅಂಥವರು ಹಸಿವಿನಿಂದ ಇರಬೇಕಾಗಿಲ್ಲ. ಬೆಣ್ಣೆಹಣ್ಣಿನ ಗ್ವಾಕಮೋಲೆ, ಚೀಸ್ ಹಾಕಿ ಮಡಚಿದ ರೊಟ್ಟಿ, ಪಾಪಸುಕಳ್ಳಿಯ ಪಲ್ಯ ಎಲ್ಲ ಸಿಗುತ್ತದೆ. ಬೇಯಿಸಿದ ಹುರುಳಿಕಾಳಿನಂಥ ಬೀನ್ಸ್‌ಗೆ ಮಾತ್ರ ಕೆಲವು ಕಡೆ ಹಂದಿಯ ಕೊಬ್ಬು ಹಾಕಿರುತ್ತಾರೆ, 'ಸಿನ್ ಮಂತೇಕ' ಎಂದು ಕೇಳಿಕೊಳ್ಳಬೇಕು. ಟಾರ್ಟಿಯಾ ಎಂಬ ಅವರ ರೊಟ್ಟಿಗೆ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ರುಬ್ಬುತ್ತಾರೆ. ಎಲೆ ಅಡಿಕೆ ಹಾಕುವ ನಮಗೆ ಆ ವಾಸನೆ ಹೊಸದೇನಲ್ಲ.

ಹಿರಿಯರಿಗೆ ಒಂದು ಎಚ್ಚರಿಕೆ. ಸೆವಿಚೆ, ಆಗ್ವಚಿಲೆ ಎಂಬ ಎರಡು ತಿನಿಸುಗಳಿವೆ. ಮೊದಲನೆಯದರಲ್ಲಿ ಹಸಿ ಮೀನನ್ನು ಸಣ್ಣಗೆ ಕೊಚ್ಚಿ ನಿಂಬೆರಸದಲ್ಲಿ ನೆನೆಸುತ್ತಾರೆ, ಆ ಕಡೆ ಕ್ಯಾರೆಟ್ ತುರಿಯನ್ನೂ ಸೇರಿಸುತ್ತಾರೆ. ಎರಡನೆಯದರಲ್ಲಿ ಹಸಿ ಸಿಗಡಿಗೆ ನಿಂಬೆರಸ, ಹಸಿಮೆಣಸು, ಸೌತೆ, ಈರುಳ್ಳಿ. ಹುಳಿಗೆ ಮಾಂಸ ಬೆಳ್ಳಗಾಗಿ ಬೆಂದ ಹಾಗೆ ಕಾಣುತ್ತದೆ, ಆದರೆ ಬೆಂಕಿ ಕೊಲ್ಲುವಷ್ಟು ಕ್ರಿಮಿಗಳನ್ನು ನಿಂಬೆ ಕೊಲ್ಲುವುದಿಲ್ಲ. ಪುಟ್ಟ ಮಕ್ಕಳು, ಬಸುರಿಯರು, ನನ್ನಂಥ ಮಾತ್ರೆ ನುಂಗುವ ಮುದುಕರು ಬೆಂದದ್ದನ್ನೇ ತಿನ್ನುವುದು ಕ್ಷೇಮ. ನಾನು ಮಗಳ ತಟ್ಟೆಯಿಂದ ಒಂದೇ ಒಂದು ಚಮಚ ರುಚಿ ನೋಡಿದೆ. ಖಾರ ಎಂದರೆ ಖಾರ! ಅವಸರದಲ್ಲಿರುವವರಿಗೆ ಸುಲಭದ ದಾರಿಯೂ ಇದೆ. ವಿಮಾನ ನಿಲ್ದಾಣದ ಎದುರು ರಸ್ತೆ ದಾಟಿದರೆ ತಾಕೋನ್ ದೆ ಮಾರ್ಲಿನ್ ಎಂಬ ಅಂಗಡಿ. ಹೊಗೆಯಲ್ಲಿ ಬೇಯಿಸಿದ ಮಾರ್ಲಿನ್ ಮೀನನ್ನು ರೊಟ್ಟಿಯಲ್ಲಿ ಸುತ್ತಿ ಕೊಡುತ್ತಾರೆ. ಮುಳ್ಳಿಲ್ಲ, ಒಂದು ಸುರುಳಿ ಇಬ್ಬರಿಗೆ ಸಾಕು.

ಸಿಗಡಿ ತಿನ್ನುವವರು ತಿಂಗಳನ್ನೂ ನೋಡಬೇಕು. ಮರಿಯಿಡುವ ಕಾಲವೆಂದು ಮಾರ್ಚ್ ಹೊತ್ತಿಗೆ ಕಡಲಿನ ಸಿಗಡಿ ಹಿಡಿಯುವುದನ್ನು ನಿಲ್ಲಿಸಿದರೆ ಮತ್ತೆ ಶುರುವಾಗುವುದು ಸೆಪ್ಟೆಂಬರ್ ಆಸುಪಾಸಿಗೆ. ನಮ್ಮಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುವ ಹಾಗೆ. ಈ ನಿಷೇಧಕ್ಕೆ ಅವರ ಮಾತು 'ಬೇದಾ'. ಕಡಲಿಗೆ ಹೋಗಬೇಡ ಎನ್ನಲು ಬೇದಾ ಎನ್ನುತ್ತಾರೆ ಎಂದು ಪುಟ್ಟಿಗೆ ಹೇಳಿದೆ. ಆ ದಿನವೆಲ್ಲ ಅವಳ ಬಾಯಲ್ಲಿ ಸ್ನಾನ ಬೇದಾ, ಹೋಮ್‌ವರ್ಕ್ ಬೇದಾ.

ಕೊಲ್ಲಿಯ ಉತ್ತರ ತುದಿಗೆ ಲಾ ಕ್ರೂಸ್ ದೆ ಉಆನಕಾಸ್ತ್ಲೆ ಎಂಬ ಊರು. ಹೆಸರು ಹೇಳಲು ನನಗೆ ಮೂರು ದಿನ ಬೇಕಾಯಿತು. ಅಲ್ಲಿಯ ಬಂದರಿನಲ್ಲಿ ಮೀನು ಮಾರುಕಟ್ಟೆಯಿದೆ, ಮೆರ್ಕಾದೊ ದೆಲ್ ಮಾರ್. ಬೆಳಿಗ್ಗೆ ಪುಟ್ಟಿಯನ್ನೂ ಕರೆದುಕೊಂಡು ಹೋದೆ. ಮಂಜುಗಡ್ಡೆಯ ಮೇಲೆ ಕೆಂಪು ಮೀನು, ಸಿಗಡಿ, ಆಕ್ಟೋಪಸ್. ಹೊರಗೆ ಮೀನು ಕತ್ತರಿಸುವವರ ಸುತ್ತ ಪೆಲಿಕನ್ ಹಕ್ಕಿಗಳು, ನಮ್ಮಲ್ಲಿ ಕಾಗೆ ಬೆಕ್ಕು ಕಾಯುವ ಹಾಗೆ. ಒಂದು ಮೂಲೆಯಲ್ಲಿ ಉದ್ದನೆಯ ಬೆಳ್ಳಿ ಮೈ, ಪಕ್ಕದಲ್ಲಿ ಚುಕ್ಕೆ. ನನ್ನ ಕಾಲು ಅಲ್ಲೇ ನಿಂತಿತು. ಅವರು ಸಿಯೆರಾ ಎಂದರು. ನಮ್ಮ ಅಂಜಲ್ ಮೀನಿನ ಕುಲದ್ದೇ, ದಾಯಾದಿ. "ಕಣ್ಣು ನೋಡು" ಎಂದು ಪುಟ್ಟಿಗೆ ಹೇಳಿದೆ. ಉಬ್ಬಿಕೊಂಡು ಹೊಳೆಯುತ್ತಿದ್ದರೆ ಇವತ್ತಿನದು, ಗುಳಿಬಿದ್ದು ಮಸುಕಾಗಿದ್ದರೆ ನಿನ್ನೆಯದು. ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳಬೇಕು. ಅವಳು ಒಂದೊಂದನ್ನೂ ಒತ್ತಿ ನೋಡಿ ಆರಿಸಿದಳು. ಕಣ್ಣಿದೆ ಎಂದು ಮೊನ್ನೆ ಮೀನನ್ನು ವಾಪಸು ಕೊಟ್ಟವಳು ಇವಳೇ.

ಆ ಮಧ್ಯಾಹ್ನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮಗಳು ಸೆರಗು ಸಿಕ್ಕಿಸುವ ಹಾಗೆ ಏಪ್ರನ್ ಸಿಕ್ಕಿಸಿ ನಿಂತು, "ಹುಳಿ ಎಷ್ಟ್ ಹಾಕೂದ್ ಅಪ್ಪಯ್ಯ?" ಎಂದಳು. ಅಮ್ಮನ ಮೀನು ಸಾರಿನ ಅಳತೆ ಯಾರೂ ಬರೆದಿಟ್ಟಿರಲಿಲ್ಲ. ಅವಳಿಗೆ ಕೈಯೇ ಅಳತೆ. ಆದರೆ ರಜಾ ದಿನಗಳಲ್ಲಿ ಕಾಯಿ ತುರಿದುಕೊಡುತ್ತಾ, ಮೆಣಸು ಎಣಿಸಿಕೊಡುತ್ತಾ ಪಕ್ಕದಲ್ಲಿ ಕುಳಿತವನು ನಾನು. ಎಣಿಸಿದ್ದು ಮರೆಯುವುದಿಲ್ಲ. ಅರ್ಧ ಕಾಯಿಗೆ ಹನ್ನೆರಡು ಮೆಣಸು, ಎರಡು ಚಮಚ ಕೊತ್ತಂಬರಿ, ಚಿಟಿಕೆ ಮೆಂತೆ, ಐದು ಎಸಳು ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಳಿ. ಬ್ಯಾಡಗಿಯ ಬದಲು ಬಣ್ಣಕ್ಕೆ ಗ್ವಾಹಿಯೊ ಮೆಣಸು, ಖಾರಕ್ಕೆ ಆರ್ಬೊಲ್ ಎಂಬ ಸಣ್ಣ ಮೆಣಸು. ಅಲ್ಲಿ ಹುಣಸೆಹಣ್ಣು ಯಾವ ಅಂಗಡಿಯಲ್ಲೂ ಸಿಗುತ್ತದೆ, ಹೆಸರೂ ತಮರಿಂದೊ.

ಸ್ವಲ್ಪ ಯೋಚಿಸಿ. ಮೆಣಸು ನಮ್ಮದಲ್ಲ, ಮೆಕ್ಸಿಕೋ ಕಡೆಯದು. ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂತು. ಟೊಮೆಟೊ ಹೆಸರು ಕೂಡ ಅಲ್ಲಿಯ ನಾವಾತ್ಲ್ ಭಾಷೆಯ 'ತೊಮತ್ಲ್'ನಿಂದ ಬಂದದ್ದು. ಇತ್ತ ಹುಣಸೆ, ಮಾವು ಏಷ್ಯಾದಿಂದ ಆ ಕಡೆಗೆ ಹೋದವು. ಫಿಲಿಪೀನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಪುಲ್ಕೊಗೆ 1565ರಿಂದ 1815ರವರೆಗೆ ಸ್ಪ್ಯಾನಿಷ್ ಹಡಗುಗಳು ಓಡಾಡುತ್ತಿದ್ದವು. ಆ ಹಡಗುಗಳಲ್ಲಿ ಬಂದ ಫಿಲಿಪೀನ್ಸಿನವರು ತೆಂಗಿನ ಮರದಿಂದ ಕಳ್ಳು ಇಳಿಸುವುದನ್ನೂ ಕಲಿಸಿದರು. ವಯ್ಯಾರ್ತದ ಕಡಲ ಬದಿಯ ಮಲೆಕೋನ್ ರಸ್ತೆಯಲ್ಲಿ ಇಂದಿಗೂ ಸೋರೆ ಬುರುಡೆ ಹಿಡಿದವರು ಅದನ್ನು 'ತೂಬ' ಎಂದು ಮಾರುತ್ತಾರೆ, ಹುಳಿಯದೆ ಸಿಹಿಯಾಗಿ, ಸೇಬಿನ ಚೂರು ಹಾಕಿ. ನಮ್ಮ ನೀರಾ ಕುಡಿದ ಹಾಗೇ ಇತ್ತು.

ಸಾರು ಕುದಿಯುವಾಗ ಬಂದ ವಾಸನೆಗೆ ಮಗಳು ಮಾತಾಡಲಿಲ್ಲ. ಕಿಟಕಿ ಕಡೆ ತಿರುಗಿಕೊಂಡು ಸೌಟು ಆಡಿಸುತ್ತಿದ್ದಳು. ನಾನೂ ಏನೂ ಕೇಳಲಿಲ್ಲ. ಪುಟ್ಟಿ ಅನ್ನದ ಮೇಲೆ ಸಾರು ಹಾಕಿಸಿಕೊಂಡು, ನಡುತುಂಡೇ ಬೇಕು ಎಂದು ಕೇಳಿ, ಗೆರೆ ಹಿಡಿದು ಮುಳ್ಳು ಬಿಡಿಸಿ, ಎರಡು ಬೆರಳಲ್ಲಿ ಒತ್ತಿ ನೋಡಿ ತಿಂದಳು. ಖಾರಕ್ಕೆ ಮೂಗು ಸುರಿಯುತ್ತಿತ್ತು. ಎರಡನೆಯ ತುಂಡು ಕೇಳಿದಳು.

ಊರಿಗೆ ಬಂದ ಮೇಲೆ ಮೀನಿನ ಹೆಂಗಸಿಗೆ ವಾರಕ್ಕೆ ಎರಡು ದಿನ ಬರಲು ಹೇಳಿದ್ದೇನೆ. ಅವಳು ಬುಟ್ಟಿ ಇಳಿಸುವ ಬೆಳಗಿನ ಏಳು ಗಂಟೆಗೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ. ವಿಡಿಯೊ ಕರೆ ಮಾಡಿ ಫೋನನ್ನು ಬುಟ್ಟಿಯ ಹತ್ತಿರ ಹಿಡಿಯುತ್ತೇನೆ. ಪುಟ್ಟಿ ಅಲ್ಲಿಂದಲೇ ಬಂಗುಡೆಯ ಕಣ್ಣು ನೋಡುತ್ತಾಳೆ. ಕಳೆದ ಶುಕ್ರವಾರ "ಅಜ್ಜ, ಇದು ನಿನ್ನೆಯದು, ಬೇದಾ" ಎಂದಳು. ಮೀನಿನ ಹೆಂಗಸಿಗೆ ವಿಪರೀತ ಸಿಟ್ಟು ಬಂತು. ಆದರೂ ಬುಟ್ಟಿಯ ಅಡಿಯಿಂದ ಬೇರೆ ನಾಲ್ಕು ತೆಗೆದು ಕೊಟ್ಟಳು.